ಒಪ್ಪಿಗೆಯ ಬಾಗಿಲು

ಕೃಷ್ಣೆಯ ಹಿನ್ನೀರ ದಂಡೆ,
ಉರಿಗಾಲದ ಮೂರನೆಯ ತಿಂಗಳು, ಮೂವತ್ತಾರನೆಯ ತಾರೀಖು, ೨೧೮೯

ನಮಗಿಂತ ಮೊದಲು ಬಾಳಿದವರಿಗೆ,

ತಾರೀಖು ನೋಡಿ ಕೈತಪ್ಪೆಂದು ತಿಳಿಯಬೇಡಿ. ಬಿಸಿಲು ಬೆಳೆದಂತೆ ನಮ್ಮವರು ಬೇಸಿಗೆಯ ತಿಂಗಳುಗಳನ್ನೂ ಉದ್ದ ಮಾಡಿಕೊಂಡರು. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ಒಡ್ಡೊಡ್ಡಾಗಿ ಕೇಳಬಹುದು, ಮನ್ನಿಸಿ. ನಾನು ಯಮನವ್ವ, ನೆರಳುಬಟ್ಟೆ ನೇಯುವವಳು. ಬೀದಿಯ ಎರಡೂ ಬದಿಗೆ ಕಂಬ ನೆಟ್ಟು ಚಪ್ಪರದ ಹಾಗೆ ಎಳೆಯುವ ಬಟ್ಟೆ ಅದು. ಅದಿಲ್ಲದೆ ಹಗಲು ಹೊತ್ತು ನಮ್ಮೂರಲ್ಲಿ ಯಾರೂ ಹೊಸ್ತಿಲು ದಾಟುವುದಿಲ್ಲ. ಆ ಕಂಬಗಳಿಗೆಲ್ಲ ಕಿವಿಗೂಡು ಕೂರಿಸಿದ್ದಾರೆ. ನಮ್ಮ ಮಾತು ಅದರೊಳಗೆ ಹೋದರೆ ಸರ್ಕಾರದ ಬಳಿ ಉಳಿಯುತ್ತದೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆಯನ್ನು ಮಾತ್ರ ಯಾರೂ ತೆರೆದು ನೋಡುವುದಿಲ್ಲ. ಆಗಿಹೋದವರು ಏನು ಮಾಡಿಯಾರು ಎಂಬ ಧೈರ್ಯ ಅವರಿಗೆ. ಅದಕ್ಕೇ ನನ್ನ ತಮ್ಮ ಲಗಮಣ್ಣನ ಸಂಗತಿಯನ್ನು ನಿಮಗೆ ಬರೆಯುತ್ತಿದ್ದೇನೆ.

ಅವನು ಹಿನ್ನೀರಿನಲ್ಲಿ ಬಿಸಿಲಿನ ಬಲದಿಂದ ಓಡುವ ಬಿಸಿಲುದೋಣಿ ನಡೆಸಿ ಜನರನ್ನು ದಾಟಿಸುತ್ತಿದ್ದ. ಮೀಸೆ ಆಗಷ್ಟೇ ಮೂಡಿದ್ದ ವಯಸ್ಸು, ತಲೆ ತುಂಬ ಗುಂಗುರು ಕೂದಲು. ಒಂದು ಮಧ್ಯಾಹ್ನ ನಡುನೀರಿನಲ್ಲಿ ಸುಂಟರಗಾಳಿ ಎದ್ದು ದೋಣಿ ಮಗುಚಿತು. ಲಗಮಣ್ಣ ಒಬ್ಬೊಬ್ಬರನ್ನೇ ಎಳೆದು ತಂದು, ಮಗುಚಿದ ದೋಣಿಯ ಬೆನ್ನಿಗೆ ಹತ್ತಿಸಿದ. ನಮ್ಮ ಓಣಿಯ ರಾಯವ್ವ ಅವನನ್ನು ನಂಬಿ ಒಂಟಿಯಾಗಿ ಕಳಿಸಿದ್ದ ಮಗಳು, ಪುಟ್ಟ ಕಸ್ತೂರಿ, ಕಾಣಲಿಲ್ಲ. ಅವಳಿಗಾಗಿ ಮುಳುಗಿ ಮುಳುಗಿ ಹುಡುಕಿದ. ಕೊನೆಗೆ ಸಿಕ್ಕಾಗ ಕೂಸಿನಲ್ಲಿ ಉಸಿರಿರಲಿಲ್ಲ.

ಪೊಲೀಸರು ಬರೆದುಕೊಂಡದ್ದೇ ಬೇರೆ. ಚಾಲಕ ತನ್ನ ಜೀವ ಉಳಿಸಿಕೊಳ್ಳಲು ಮೊದಲೇ ಜಿಗಿದು ಈಜಿ ದಡ ಸೇರಿದ, ಉಳಿದವರು ತಮ್ಮ ಪುಣ್ಯದಿಂದ ಬದುಕಿದರು ಎಂದು. ದೋಣಿಯಲ್ಲಿದ್ದ ಉಳಿದವರೆಲ್ಲ ದೂರದೂರುಗಳವರು, ಚದುರಿಹೋದರು. ಹುಸೇನಬಿ ಎಂಬ ಹೆಂಗಸೊಬ್ಬಳು ಮಾತ್ರ, ‘ನನ್ನ ಕೈ ಹಿಡಿದು ಎಳೆದವನು ಆ ಚಾಲಕ ಹುಡುಗನೇ, ನಾನು ಕೋರ್ಟಿಗೆ ಬಂದು ಹೇಳುತ್ತೇನೆ’ ಎಂದಿದ್ದಳು. ಆ ಒಂದು ಮಾತನ್ನು ನಂಬಿ ನಾವು ಕಾದೆವು.

ಜೈಲು ಎಂಬ ಪದ ನಮ್ಮಲ್ಲಿ ಅಳಿದಿದೆ. ತಪ್ಪು ರುಜುವಾತಾಗದವರನ್ನು ಇಡುವ ಜಾಗಕ್ಕೆ ಕಾಯುಮನೆ ಎನ್ನುತ್ತಾರೆ. ಹೆಸರು ಮೆತ್ತಗಿದೆ, ಬೀಗ ಹಳೆಯದೇ. ಜಾಮೀನಿಗೆ ಹೊಲ ಇದ್ದವರು ನಿಲ್ಲಬೇಕು. ನಮ್ಮದು ಮುಳುಗಡೆ ಜನ, ಎಲ್ಲರ ಹೊಲವೂ ನೀರಿನ ತಳದಲ್ಲಿದೆ. ಹಾಗಾಗಿ ಲಗಮಣ್ಣ ಒಳಗೇ ಉಳಿದ. ಒಮ್ಮೆ ನ್ಯಾಯಾಧೀಶರು ವರ್ಗವಾದರು. ಒಮ್ಮೆ ದೋಣಿಯ ಯಂತ್ರದ ವರದಿ ಬರಲಿಲ್ಲ. ಬಂದಾಗ ಅದು ಬೇರೆ ದೋಣಿಯದಾಗಿತ್ತು. ಕಾಯುಮನೆಯಿಂದ ಕೋರ್ಟಿಗೆ ಕರೆತರಲು ಎಷ್ಟೋ ಸಲ ವಾಹನವಿರಲಿಲ್ಲ. ಉರಿಗಾಲ ಬಂದರೆ ಕೋರ್ಟುಗಳ ಬಾಗಿಲೇ ಮುಚ್ಚುತ್ತಿತ್ತು. ಸರದಿ ಹೇಳುವ ಯಂತ್ರ ಪ್ರತಿ ಸಲವೂ ಹೆಣ್ಣುದನಿಯಲ್ಲಿ, ನಿಮ್ಮ ತಾಳ್ಮೆ ದೊಡ್ಡದು ಎಂದು ಹೊಗಳಿ ಮುಂದಿನ ತಾರೀಖು ಕೊಡುತ್ತಿತ್ತು. ನಾನು ಭೇಟಿಗೆ ಹೋಗಿ ಕಾಯುಮನೆಯ ಜಾಲರಿಯ ಮುಂದೆ ಕೂತಾಗ ಲಗಮಣ್ಣ ಊರ ಸುದ್ದಿ ಕೇಳುವುದನ್ನು ಮೆಲ್ಲಗೆ ಬಿಟ್ಟ. “ತಾರೀಖು ಬಂತೇನಕ್ಕಾ?” ಅಷ್ಟೇ ಕೇಳುತ್ತಿದ್ದ. ಗುಂಗುರು ಕೂದಲು ಉದುರಿತು, ಮುಂದಿನ ಹಲ್ಲು ಬಿದ್ದವು, ಬೆನ್ನು ಬಾಗಿತು.

ಆ ವರ್ಷಗಳಲ್ಲೆಲ್ಲ ನಮ್ಮ ಮನೆಗೆ ತಪ್ಪದೆ ಬರುತ್ತಿದ್ದವಳು ರಾಯವ್ವ. ಮಗಳನ್ನು ಕಳೆದುಕೊಂಡವಳೇ ಬಂದು ರೊಟ್ಟಿಯ ಬುತ್ತಿ ಕೊಟ್ಟು, “ನಿನ್ನ ತಮ್ಮಗ ಒಯ್ದು ಕೊಡವಾ. ನೀ ಹೇಳಿದ್ದನ್ನ ನಂಬೀನಿ, ನನ್ನ ಕೂಸನ್ನ ಅಂವ ಹುಡುಕ್ಯಾಡಿ ತಂದಾನ. ಇಲ್ಲಂದ್ರ ನನಗ ಅದರ ಮಾರಿ ಸೈತ ನೋಡಾಕ ಸಿಗ್ತಿದ್ದಿಲ್ಲ” ಎನ್ನುತ್ತಿದ್ದಳು.

ಹೋದ ಚಳಿಗಾಲದಲ್ಲಿ ವಿಚಾರಣೆ ಕಡೆಗೂ ನಡೆಯಿತು. ಹುಸೇನಬಿಯನ್ನು ಅವಳ ಮೊಮ್ಮಗಳು ಕೈ ಹಿಡಿದು ಕರೆತಂದಳು. ಯಂತ್ರಗಳು ಮುಖ ಗುರುತಿಸುವಾಗ ಎಡವಿ ಬಹಳ ಜನ ಹಾಳಾದ ಮೇಲೆ, ಸಾಕ್ಷಿ ತನ್ನ ಕಣ್ಣಿನಿಂದಲೇ ಗುರುತಿಸಬೇಕೆಂದು ನಮ್ಮಲ್ಲಿ ಕಾನೂನಾಗಿದೆ. ಮುದುಕಿ ಆ ದಿನದ ಗಾಳಿ, ನೀರು, ಕೂಗು ಒಂದನ್ನೂ ಬಿಡದೆ ಹೇಳಿದಳು. ನನ್ನ ಎದೆ ಹಗುರಾಯಿತು. ಆಮೇಲೆ ನ್ಯಾಯಾಧೀಶೆ, “ನಿಮ್ಮ ಕೈ ಹಿಡಿದು ಎಳೆದವನು ಇಲ್ಲಿದ್ದಾನೆಯೇ, ನೋಡಿ” ಎಂದರು.

ಹುಸೇನಬಿ ಕಟಕಟೆಯ ಹತ್ತಿರಕ್ಕೇ ಬಂದು ಲಗಮಣ್ಣನ ಮುಖವನ್ನು ದಿಟ್ಟಿಸಿದಳು.

“ಇಂವ ಅಲ್ರಿ. ಅಂವ ಸಣ್ಣ ಹುಡುಗ ಇದ್ದ. ಗುಂಗುರುಗೂದಲಾ. ಇಂವ ಯಾರೋ ಮುದುಕ.”

“ಸರಿಯಾಗಿ ನೋಡಿ.”

“ನೋಡೀನ್ರಿ. ಸುಳ್ಳು ಹೇಳಿ ಅಲ್ಲಾಗ ಏನಂತ ಉತ್ತರಾ ಕೊಡ್ಲಿ? ಆ ಹುಡುಗನ್ನ ಕರಸ್ರಿ, ಗುರುತು ಹಿಡೀತೀನಿ.”

ಅವಳು ಸುಳ್ಳಾಡಲಿಲ್ಲ. ಆ ಹುಡುಗ ಕಾಯುಮನೆಯೊಳಗೇ ಎಲ್ಲೋ ಮುಗಿದುಹೋಗಿದ್ದ. ಸರ್ಕಾರಿ ವಕೀಲರು ಎದ್ದು, ಕಾಪಾಡಿದವನು ಬೇರೆ ಯಾರೋ, ಚಾಲಕ ಓಡಿಹೋದದ್ದು ಇದರಿಂದಲೇ ಖಚಿತ ಎಂದರು. ನಮ್ಮ ವಕೀಲರು ಹೊಸ ಸಾಕ್ಷಿಗಳನ್ನು ಹುಡುಕಲು ಸಮಯ ಕೇಳಿದರು. ಯಂತ್ರ ತಾರೀಖು ಹೇಳಿತು, ಎರಡು ಉರಿಗಾಲಗಳ ಆಚೆಗೆ.

ಆಗ ನಮಗೆ ಒಪ್ಪಿಗೆಯ ಬಾಗಿಲು ತೋರಿಸಿದರು. ತಪ್ಪು ನನ್ನದೇ ಎಂದು ಒಪ್ಪಿದವನಿಗೆ ಒಳಗೆ ಕಳೆದ ಕಾಲವೇ ಶಿಕ್ಷೆಯೆಂದು ಲೆಕ್ಕ. ಸಂಜೆಯೊಳಗೆ ಮನೆಗೆ ಹೋಗಬಹುದು. ಒಪ್ಪಿ ಹೊರಬಂದವನು ಮುಂದೆಂದಾದರೂ, ಯಾರ ಮುಂದಾದರೂ, ನಾನು ಮಾಡಿಲ್ಲ ಎಂದರೆ ಒಪ್ಪಂದ ಮುರಿಯಿತು, ಮತ್ತೆ ಕಾಯುಮನೆ. ಮನೆಯವರು ಅಂದರೂ ಅಷ್ಟೇ.

ಲಗಮಣ್ಣ ನನ್ನ ಕಡೆ ತಿರುಗಿದ. “ಏನ್ ಮಾಡ್ಲಿ ಅಕ್ಕಾ?”

“ಮನಿಗೆ ಹೋಗೂಣು ನಡಿ” ಎಂದೆ.

“ಓಡಿಹೋದೆ ಅಂತ ಹೇಳ್ಬೇಕಾಕ್ಕೈತಿ.”

“ಹೇಳು. ನಮಗ ಗೊತ್ತೈತಿ.”

ಅವನು ಹೇಳಿದ. ಬಾಗಿಲು ತೆರೆಯಿತು.

ಮಾರನೆಯ ದಿನ ಬೆಳಿಗ್ಗೆ ರಾಯವ್ವ ಬಂದಳು. ಕೈಯಲ್ಲಿ ಬುತ್ತಿ ಇರಲಿಲ್ಲ. ಅಂಗಳದ ನೆರಳುಕಂಬದ ಪಕ್ಕದಲ್ಲೇ ನಿಂತಳು, ಒಳಗೆ ಬಾ ಎಂದರೂ ಬರಲಿಲ್ಲ.

“ಲಗಮಾ, ನೀನ ಬಾಯಿಬಿಟ್ಟು ಹೇಳಿದ್ಯಂತ. ನನ್ನ ಕೂಸನ್ನ ನೀರಾಗ ಬಿಟ್ಟು ಓಡಿದ್ನಿ ಅಂತ. ಖರೇನೋ?”

ಲಗಮಣ್ಣ ಕಂಬದ ಕಿವಿಗೂಡಿನ ಕಡೆ ನೋಡಿದ, ನನ್ನ ಕಡೆ ನೋಡಿದ. ಅವನ ತುಟಿ ಅಲುಗಿತು. ನಾನು ಗಾಬರಿಯಾಗಿ ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡೆ. ಅವನು ತಲೆ ತಗ್ಗಿಸಿದ.

“ಇಷ್ಟು ವರ್ಷ ನಿನಗ ರೊಟ್ಟಿ ಬಡದೆನಲ್ಲೋ” ಎಂದಳು ರಾಯವ್ವ, ದನಿ ಏರಿಸದೆಯೇ. ಸೆರಗು ತಲೆಗೆಳೆದುಕೊಂಡು ಹೊರಟುಹೋದಳು.

ಈಗ ಲಗಮಣ್ಣ ಮನೆಯಲ್ಲಿದ್ದಾನೆ. ಹೊರಗೆ ಯಾರದಾದರೂ ಹೆಜ್ಜೆ ಕೇಳಿದರೆ ಎದ್ದು ನಿಲ್ಲುತ್ತಾನೆ. ನಿದ್ದೆಗಣ್ಣಿನಲ್ಲಿ ಏನಾದರೂ ಅಂದುಬಿಟ್ಟಾನೋ ಎಂದು ನಾನು ಕಿಟಕಿಗೆ ಬಟ್ಟೆ ತುರುಕಿ ಮಲಗುತ್ತೇನೆ. ರಾಯವ್ವ ಬೀದಿಯಲ್ಲಿ ಎದುರಾದರೆ ಆಚೆ ಬದಿಗೆ ಸರಿಯುತ್ತಾಳೆ. ಅವಳ ಹಿಂದೆ ಓಡಿ ನಿಜ ಹೇಳಬೇಕೆಂದು ನನ್ನ ಕಾಲು ತುಡಿಯುತ್ತದೆ. ಪ್ರತಿ ಹತ್ತು ಹೆಜ್ಜೆಗೊಂದು ಕಂಬವಿದೆ.

ನಿಮ್ಮ ಕಾಲದಲ್ಲೂ ಕೋರ್ಟುಗಳಿದ್ದವು, ತಾರೀಖುಗಳಿದ್ದವು ಎಂದು ಓದಿದ್ದೇನೆ. ಕಟಕಟೆಯಲ್ಲಿ ಯಾರಾದರೂ ತಪ್ಪೊಪ್ಪಿಕೊಂಡು ಮನೆಗೆ ಹೋದ ಸುದ್ದಿ ನಿಮ್ಮ ಕಿವಿಗೆ ಬಿದ್ದರೆ, ಅದಕ್ಕೆ ಮೊದಲು ಅವನು ಎಷ್ಟು ಕಾದಿದ್ದ ಎಂದು ದಯವಿಟ್ಟು ಕೇಳಿ ನೋಡಿ. ನೀವು ಏನಾದರೂ ಕಣ್ಣಾರೆ ಕಂಡಿದ್ದರೆ, ಅವನ ಮುಖ ಅವನದಾಗಿರುವಾಗಲೇ ಹೋಗಿ ಹೇಳಿ. ನನ್ನ ತಮ್ಮ ಆ ದಿನ ನೀರಿನಿಂದ ಎಲ್ಲರಿಗಿಂತ ಕೊನೆಗೆ ದಡಕ್ಕೆ ಬಂದ, ಕಸ್ತೂರಿಯನ್ನು ಹೆಗಲ ಮೇಲೆ ಹೊತ್ತುಕೊಂಡು. ಇದನ್ನು ನೀವಾದರೂ ನಂಬಿ.

ಯಮನವ್ವ