ಮೌನ ಸಮ್ಮತಿಯಲ್ಲ, ಶರ್ಮಿಳಜ್ಜಿ

ಗಂಗೊಳ್ಳಿ ಕಡಲಗೋಡೆಯ ಒಳಗಿನಿಂದ,
ಆಷಾಢದ ನಲವತ್ತೊಂದನೇ ದಿನ, ೨೪೧೮

ನಮ್ಮ ಕಡಲಗೋಡೆಯ ಬಾಗಿಲಿಗೆ ಹಿಂದೊಂದು ಕಾಲದಲ್ಲಿ ಕಂಪ್ಯೂಟರಿನ ಆಜ್ಞೆ ಬರೆದ ಶರ್ಮಿಳಜ್ಜಿಗೆ ಮುತ್ತು ಖಾರ್ವಿಯ ನಮಸ್ಕಾರ.

ತಾರೀಖು ಕಂಡು ಗಾಬರಿಯಾಗಬೇಡಿ. ಕಡಲು ಶಾಂತವಾದಾಗಲೇ ನಮ್ಮಲ್ಲಿ ತಿಂಗಳು ಮುಗಿಯುವುದು. ಈ ಆಷಾಢಕ್ಕೆ ಹೋಗುವ ಮನಸ್ಸೇ ಇಲ್ಲ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ಅದರಲ್ಲಿ ಅರ್ಧ ನಿಮ್ಮ ಕಂಪ್ಯೂಟರಿನ ಭಾಷೆಯಿಂದ ಬಂದದ್ದೇ. ಕಾಗದವನ್ನು ಹಿನ್ನೀರಿಗೆ ಬಿಡುತ್ತೇನೆ. ನಮಗೆ ಹಿನ್ನೀರು ಅಂದರೆ ಹಿಂದಿನ ಕಾಲಕ್ಕೆ ಹರಿಯುವ ನೀರು.

ನಾವು ಗಾಜಿನ ಗೋಡೆಯ ಕೆಳಗೆ ಬದುಕುತ್ತೇವೆ. ಆಚೆ ಮೀನು ಹಾಯುವಾಗ ಅವುಗಳ ನೆರಳು ಅಂಗಳದಲ್ಲಿ ಹರಿಯುತ್ತದೆ; ಬೆಕ್ಕುಗಳು ಆ ನೆರಳನ್ನೇ ಹಿಡಿಯಲು ಹಾರಿ ಪೆಚ್ಚಾಗುತ್ತವೆ. ಮಕ್ಕಳು ‘ಇಫ್’ ಎಂದು ಅಂಗೈ ಬಿಚ್ಚಿ ‘ಫೈ’ ಎಂದು ಮುಚ್ಚುವ ಆಟ ಆಡುತ್ತಾರೆ. ಆಜ್ಞೆ ಶುರುಮಾಡುವ if ಪದದ ಅಕ್ಷರ ತಿರುಗಿಸಿ ಅದನ್ನು ಮುಗಿಸುವ fi ಪದ ಮಾಡಿದಿರಲ್ಲ, ನಿಮ್ಮ ಕಾಲದವರ ಕುಶಾಲು ದೊಡ್ಡದು. ಕೆಲಸ ಕೆಡದೆ ಮುಗಿದರೆ ನಿಮ್ಮ ಆಜ್ಞೆಗಳು ಸೊನ್ನೆ ಹೇಳುತ್ತಿದ್ದವಂತೆ, ತಪ್ಪಿದರೆ ಮಾತ್ರ ಬೇರೆ ಅಂಕಿ. ಹಾಗಾಗಿ ನಾವು ಎದುರು ಸಿಕ್ಕವರನ್ನು ‘ಸೊನ್ನೆಯಾ?’ ಎಂದು ಕೇಳುತ್ತೇವೆ. ಸೊನ್ನೆ ಅಂದರೆ ಕ್ಷೇಮ.

ಆದರೆ ಅಜ್ಜಿ, ಸೊನ್ನೆ ಬೇರೆ, ಖಾಲಿ ಬೇರೆ. ಭರತ, ಅಂದರೆ ಕಡಲ ಉಬ್ಬರ, ಏರುವ ಮುಂಚೆ ಬಾಗಿಲು ದೋಣಿಗಳನ್ನು ಕೂಗಿ ಕೇಳುತ್ತದೆ, ಹೊರಗೆ ಯಾರಿದ್ದೀರಿ ಎಂದು. ದೋಣಿಯ ಗಂಟೆ ಹೆಸರು ಹೇಳಿದರೆ ಬಾಗಿಲು ತೆರೆದೇ ಕಾಯುತ್ತದೆ. ಉತ್ತರ ಖಾಲಿ ಬಂದರೆ ಹೊರಗೆ ಯಾರೂ ಇಲ್ಲವೆಂದು ಮುಚ್ಚಿಕೊಳ್ಳುತ್ತದೆ. ಆ ಸಾಲಿನ ಪಕ್ಕದಲ್ಲಿ, ಯಂತ್ರ ಓದದ, ಮನುಷ್ಯರಷ್ಟೇ ಓದುವ ಟಿಪ್ಪಣಿಯಲ್ಲಿ, ನೀವು ಬರೆದದ್ದು: ‘ಮೌನಂ ಸಮ್ಮತಿ ಲಕ್ಷಣಂ’.

ಇವತ್ತು ಸಂಜೆ ನನ್ನ ಅಕ್ಕ ಜಲಜಳ ದೋಣಿಯ ಗಂಟೆಗೆ ನೀರು ಹೊಕ್ಕಿತು. ಬಾಗಿಲು ಕೇಳಿದಾಗ ಅದು ಸುಮ್ಮನಿತ್ತು. ಅಕ್ಕ ಸುಮ್ಮನಿರಲಿಲ್ಲ. “ಹ್ವಾಯ್, ನಾ ಇಲ್ಲಿದ್ದೆ, ಬಾಗ್ಲ್ ಹಾಕ್ಬೇಡಿ ಮಾರಾಯ್ರೆ!” ಎಂದು ಕೂಗಿದ್ದು ನಮಗೆಲ್ಲ ಕೇಳಿಸಿತು. ಬಾಗಿಲಿಗೆ ಮನುಷ್ಯರ ಕೂಗು ಕೇಳಿಸದು. ನಿಮ್ಮ ಆಜ್ಞೆಯನ್ನು ನಾವು ಓದಬಲ್ಲೆವು, ತಿದ್ದಲಾರೆವು. ಅದರ ಪಾಸ್‌ವರ್ಡ್ ನಿಮ್ಮ ಜೊತೆಗೇ ಹೋಯಿತು. ಈಗ ಗಾಜಿನಾಚೆ ಅವಳ ದೋಣಿಯ ತಳ ಕಾಣುತ್ತಿದೆ, ತೊಟ್ಟಿಲು ತೂಗಿದ ಹಾಗೆ ಅತ್ತಿತ್ತ ಆಡುತ್ತಿದೆ. ಭರತ ಇನ್ನೂ ಏರುತ್ತಿದೆ. ನನಗೆ ಹೆದರಿಕೆಯಾಗುತ್ತಿದೆ, ಅಜ್ಜಿ.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಊಟಕ್ಕೆ ಕೂತವರು ಸುಮ್ಮನಿದ್ದರೆ ನೀವು ಎಲೆ ಎತ್ತಿಬಿಡುತ್ತಿದ್ದಿರಾ? ‘ಇನ್ನೊಂಚೂರು ಬಡಿಸಲಾ?’ ಎಂದು ಮತ್ತೆ ಕೇಳುತ್ತಿರಲಿಲ್ಲವೇ? ಬಾಗಿಲಿಗೂ ಅಷ್ಟು ಮರ್ಯಾದೆ ಕಲಿಸಿ. ಮೊದಲು ಉತ್ತರ ಬಂತೋ ಇಲ್ಲವೋ ನೋಡಲಿ. ಬರದಿದ್ದರೆ ತೆರೆದೇ ಇದ್ದು ಇನ್ನೊಮ್ಮೆ ಕೇಳಲಿ. ನಿಮಗೆ ಅದು ಒಂದೇ ಸಾಲಿನ ಕೆಲಸ.

ಕಾಗದದ ಕೊನೆಗೆ ಸೊನ್ನೆ ಬರೆಯುವುದು ನಮ್ಮ ವಾಡಿಕೆ. ಅಕ್ಕ ಒಳಗೆ ಬರುವ ತನಕ ನನ್ನ ಕೈಯಲ್ಲಿ ಅದು ಬರೆಯಲಾಗದು. ಕೆಳಗೆ ಜಾಗ ಖಾಲಿ ಬಿಟ್ಟಿದ್ದೇನೆ. ದಯವಿಟ್ಟು ಅದನ್ನು ಕ್ಷೇಮವೆಂದು ಓದಬೇಡಿ.