ರೊಟ್ಟಿ ಮುರಿದ ಬಲಗೈ

ನಿಪ್ಪಾಣಿ
೧೪ ಮಾರ್ಚ್ ೨೦೧೨

ಅಕ್ಕುತಾಯಿ,

ಇವತ್ತು ನನ್ನ ಬಲಗೈಯಿಂದಲೇ ರೊಟ್ಟಿ ಮುರಿದೆ. ಲಕ್ವಾ ಹೊಡೆದು ಎರಡು ವರ್ಷವಾಯಿತು, ನೀನು ಹೋಗಿ ಎರಡು ತಿಂಗಳು.

ಫಿಜಿಯೋಥೆರಪಿಯ ಸಪನಾ ಚಿಕ್ಕೋಡಿಯಿಂದ ಬಂದಿದ್ದಳು. ಅದೇ ರಬ್ಬರ್ ಚೆಂಡು ಹಿಂಡಿಸಿದಳು, ಅದೇ ಗೋಡೆಯ ಮೇಲೆ ಬೆರಳು ಹತ್ತಿಸಿದಳು. ನನಗೆ ಸಾಕಾಗಿಹೋಗಿತ್ತು. ಆಮೇಲೆ ನಮ್ಮ ಸೊಸೆ ತಂದ ತಾಟನ್ನು ನನ್ನ ಮುಂದಿಟ್ಟು, ಪಕ್ಕದಲ್ಲಿ ಯಾರನ್ನೂ ಕೂರಗೊಡದೆ, "ಕಾಕಾ, ಉಣ್ರಿ ನೋಡೂಣು" ಎಂದಳು. ಹೆಬ್ಬೆರಳು ಒತ್ತಿತು, ರೊಟ್ಟಿ ಮುರಿಯಿತು. ತುತ್ತು ಬಾಯಿಗೂ ಬಂತು.

ನೀನಿದ್ದಾಗ ಆಕೆ ಎಷ್ಟು ಸಲ ಹೇಳಿದ್ದಳು, "ಕಾಕೂ, ನೀವ ಉಣಸಬ್ಯಾಡ್ರಿ. ಅವರ ಕೈಲೇ ಉಣ್ಲಿ." ನೀನು ಆಕೆಯನ್ನೇ ಗದರುತ್ತಿದ್ದೆ: "ಆ ಕೈ ಮ್ಯಾಲ ಏಳೂತನಾ ಅವರು ಉಪಾಸ ಇರೂದೇನವ್ವಾ?"

ಬೀಡಿ ಕಟ್ಟುತ್ತಿದ್ದ ಮೊರ ಬದಿಗಿಟ್ಟು, ಎರಡೆರಡು ಸಲ ಸಾಬೂನು ಹಚ್ಚಿ ಕೈ ತೊಳೆದು ಬರುತ್ತಿದ್ದೆ. ಆದರೂ ನಿನ್ನ ತುತ್ತಿನಲ್ಲಿ ತಂಬಾಕಿನ ಕಹಿ ಉಳಿದಿರುತ್ತಿತ್ತು. ಕೊನೆಯ ವಾರ ನೀನು ಒಂದು ಕೈಯಲ್ಲಿ ಎದೆ ಒತ್ತಿಕೊಂಡು ಇನ್ನೊಂದರಲ್ಲಿ ಉಣಿಸಿದೆ. ಇವತ್ತಿನ ರೊಟ್ಟಿಯಲ್ಲಿ ಕಹಿ ಇರಲಿಲ್ಲ. ಅರ್ಧಕ್ಕೇ ಬಿಟ್ಟೆ.

ಸಪನಾಗೆ ಖುಷಿಗಿಂತ ಅನುಮಾನವೇ ಹೆಚ್ಚಾಯಿತು. "ಇದು ಒಂದ ದಿನದಾಗ ಬರೂ ಹಿಡಿತ ಅಲ್ರಿ ಕಾಕಾ. ಯಾವಾಗಿಂದ ಬರಾಕತ್ತಿತ್ತು?"

"ಇವತ್ತಽ" ಎಂದೆ.

ಹೋದ ದೀಪಾವಳಿಯಲ್ಲಿ ನೀನು ನೀರು ತರಲು ಎದ್ದಾಗ ಇದೇ ಬಲಗೈಯಿಂದ ರೊಟ್ಟಿಯ ಒಂದು ಚೂರು ಮುರಿದು ನೋಡಿದ್ದೆ. ನೀನು ತಿರುಗಿ ಬರುವುದರೊಳಗೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆದಿದ್ದೆ.