ಹದಿನೇಳನೇ ನಂಬರಿನ ಮೊಣಕಾಲು

ನವೆಂಬರ್ 3, ಸೋಮವಾರ

ಕೋಚ್ ಇವತ್ತು ಒಂದು ಕಾಲಿಗೆ ಬೂದು, ಇನ್ನೊಂದಕ್ಕೆ ಕಪ್ಪು ಕಾಲುಚೀಲ ಹಾಕಿದ್ದರು. ಹೇಳೋಣವೆಂದುಕೊಂಡೆ… ಹೇಳಲಿಲ್ಲ.

ಎರಡು ತಿಂಗಳಿಂದ ಇದೇ. ಗಲ್ಫಿನ ಈ ಊರಿನ ಒಂದು ತುದಿ ವಾದಿ ಕಬೀರ್‌ನಿಂದ, ಡ್ರೈವರ್ ಸಿದ್ದೀಕಣ್ಣನ ಕಾರಿನಲ್ಲಿ, ಇನ್ನೊಂದು ತುದಿ ಅಲ್ ಖೌದ್‌ಗೆ. ತಮ್ಮ ಮಗಳ ಫ್ಲ್ಯಾಟಿನಲ್ಲಿರುವ ಈ ಎಪ್ಪತ್ತೆಂಟರ ಅಮೆರಿಕನ್ ಹೇಳಿದ ಆತ್ಮಕಥೆ ಟೈಪ್ ಮಾಡುವುದು. ಇಪ್ಪತ್ತು ವರ್ಷ ಅಮೆರಿಕನ್ ಫುಟ್‌ಬಾಲ್ ಕೋಚ್, ಆಮೇಲೆ ಸ್ಕೌಟ್ — ಕಾಲೇಜು ಕಾಲೇಜು ಸುತ್ತಿ, ಆಟಗಾರರನ್ನು ನೋಡಿ, ಒಬ್ಬೊಬ್ಬರ ಮೇಲೆ ಒಂದು ಕಾರ್ಡು ಬರೆದು ತಂಡಕ್ಕೆ ಒಪ್ಪಿಸುವ ಕೆಲಸ. ಹನ್ನೊಂದು ಅಧ್ಯಾಯ ಆಯಿತು. ಎಲ್ಲದರಲ್ಲೂ ಗೆಲುವೇ. ಎಂ.ಎ. ಓದಿದ್ದು ಇದಕ್ಕಾ?

ನವೆಂಬರ್ 4

ಅಮ್ಮ: “ಚೆಂಡು ಕೈಯಲ್ಲಿ ಹಿಡ್ಕೊಂಡು ಓಡುದು, ಹೆಸರು ಫುಟ್‌ಬಾಲ್! ಕಬಡ್ಡಿಗೆ ಹೆಲ್ಮೆಟ್ ಹಾಕಿದ ಹಾಗೆ ಮಾರಾಯ್ತಿ.”

ನವೆಂಬರ್ 6

ಕೊನೆಗೂ ಒಂದು ಸತ್ಯ. ಹಳೆಯ ಕಾರ್ಡು ತೋರಿಸಿದರು: “17. ಡ್ವೇನ್. ಬಲ ಮೊಣಕಾಲು ಸಂಶಯ. ಬೇಡ.” ಆ ದಿನ ಪ್ರಾಕ್ಟೀಸಿನಲ್ಲಿ ಇಬ್ಬರು ಜರ್ಸಿ ಬದಲಾಯಿಸಿಕೊಂಡಿದ್ದರಂತೆ. 17 ಹಾಕಿಕೊಂಡು ಕುಂಟಿದವನು ಇನ್ನೊಬ್ಬ. ಕಾರ್ಡಿನ ಮಾತು ಹರಡಿ, ಡ್ವೇನ್‌ನನ್ನು ಯಾವ ತಂಡವೂ ತೆಗೆದುಕೊಳ್ಳಲಿಲ್ಲ. ಕೋಚ್‌ಗೆ ಗೊತ್ತಾಗಿದ್ದು ನಾಲ್ಕು ವರ್ಷದ ನಂತರ. ಯಾರಿಗೂ ಹೇಳಲಿಲ್ಲ.

ಒಂದಕ್ಷರ ಬಿಡದೆ ಟೈಪ್ ಮಾಡಿದೆ. ಇದು ಪುಸ್ತಕ!

ನವೆಂಬರ್ 9

“ಆ ಡ್ವೇನ್ ಕಥೆ ತೆಗೆದುಬಿಡು, ಸ್ಯಾಮ್,” ಅಂದರು ಕೋಚ್. ಕಾರ್ಡನ್ನು ಕಸದ ಬುಟ್ಟಿಗೆ ಹಾಕಿದರು.

“ಓಕೆ ಕೋಚ್,” ಅಂದೆ. ಥೂ. ಸಮೀಕ್ಷಾ ಅಂತ ಹೆಸರಿಟ್ಟುಕೊಂಡು, ಬಾಯಿಗೆ ಬರುವುದು ಓಕೆ ಒಂದೇ. ಅವರು ಎದ್ದು ಹೋದ ಮೇಲೆ ಕಾರ್ಡನ್ನು ಎತ್ತಿಕೊಂಡೆ. ಅಷ್ಟೇ ಧೈರ್ಯ.

ಕಾರಿನಲ್ಲಿ ಸಿದ್ದೀಕಣ್ಣ (ಎಂ.ಎ. ಆದವರೆಲ್ಲ ಅವರಿಗೆ ಟೀಚರ್): “ಎಂತ ಟೀಚರೇ, ಮುಖ ಒಣಗಿದ ಬಂಗುಡೆ ಹಾಗೆ?”

ಹೇಳಿದೆ.

“ಅವರ ಬುಕ್ಕು. ಬೇಡ ಅಂದ್ರೆ ಬೇಡ, ಖಲಾಸ್.” ಮೂರು ಸಿಗ್ನಲ್ ದಾಟಿದ ಮೇಲೆ ಮತ್ತೆ ಅವರೇ: “ಆದ್ರೆ ಆ ಜನದ ಕಾಲು ಸರಿ ಇತ್ತು ಅಂತ ಬೇರೆ ಯಾರು ಹೇಳುದು?”

ನವೆಂಬರ್ 13

ಹನ್ನೆರಡನೇ ಅಧ್ಯಾಯ. ಕೋಚ್ ಹೇಳಿದ ಮೊದಲ ವಾಕ್ಯ: “ಸ್ಕೌಟ್ ಆಗಿ ನನ್ನ ಕಣ್ಣು ಒಮ್ಮೆಯೂ ತಪ್ಪಲಿಲ್ಲ.”

ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು, ನನ್ನ ಕಡೆ ಅಲ್ಲ.

ನವೆಂಬರ್ 16, ಬೆಳಿಗ್ಗೆ 6.40

ನಮ್ಮ ಮನೆಯ ಕೆಳಗೆ, ಗ್ಯಾರೇಜಿನ ಎದುರು. ಸಿದ್ದೀಕಣ್ಣನ ಕಾರು ಇನ್ನೂ ಬಂದಿಲ್ಲ.

ಕಾರ್ಡು ಬ್ಯಾಗಿನಲ್ಲಿದೆ. ಇವತ್ತು ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಕಾರ್ಡನ್ನು ಅವರ ಮುಂದಿಟ್ಟು ಸುಮ್ಮನೆ ಕೂರುತ್ತೇನೆ. ಮಾತಾಡಲು ಬರದಿದ್ದರೇನು, ಸುಮ್ಮನೆ ಕೂರಲು ನನ್ನಷ್ಟು ಯಾರಿಗೂ ಬರುವುದಿಲ್ಲ. ಡ್ವೇನ್ ಎಂಬ ಹೆಸರಿನಿಂದ ಅವರೇ ಶುರು ಮಾಡುವವರೆಗೆ. ನನ್ನನ್ನು ಬಿಡಿಸಿ ಟೈಪಿಗೆ ಬೇರೆಯವಳನ್ನು ಹುಡುಕಿಕೊಂಡರೆ —

ಹಾರ್ನ್.